ಶಿಳ್ಳೆ ಕೇಳಿದಾಗ ಮಾತ್ರ ಜೋರಾಗಿ ಎಸೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅವತ್ತು ಬಂದವರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ಚೆಂಡನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ. ಇದು ಬೇಸ್‌ಬಾಲ್ ಚೆಂಡು. ಸುಮಾರು 142 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಗಾತ್ರದಲ್ಲಿ ಚೂರು ದೊಡ್ಡದು. ಕೆಂಪು ದಾರ ಕಾಣ್ತಿದೆ ಅಲ್ವಾ? 108 ಜೋಡಿ ಹೊಲಿಗೆ, ಎಲ್ಲಾ ಕೈಯಲ್ಲೇ ಹಾಕಿದ್ದು. ತೋರುಬೆರಳು ಮತ್ತು ನಡುಬೆರಳನ್ನು ಆ ದಾರದ ಮೇಲೆ ಅಡ್ಡ ಇಡಿ. ಹೆಬ್ಬೆರಳು ಕೆಳಗಿರಲಿ. ವೇಗದ ಚೆಂಡಿಗೆ ಹಿಡಿತ ಇಷ್ಟೇ. ಮುಚ್ಚಿಟ್ಟ ವಿದ್ಯೆ ಏನೂ ಇಲ್ಲ. ಇದನ್ನು ಹಿಡಿದು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎಸೆಯಬಲ್ಲವರು ಮಾತ್ರ ಲೋಕದಲ್ಲಿ ಬಹಳ ಕಡಿಮೆ.

ನಾನು ಇವತ್ತು ಹೇಳುವುದು ಅಂಥ ಒಬ್ಬ ಹುಡುಗನ ಕತೆ. ಹೆಸರು ಸ್ಟೀವ್ ಡಾಲ್ಕೋವ್‌ಸ್ಕಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಕಾರ್ಖಾನೆ ಊರಲ್ಲಿ 1939ರ ಜೂನ್‌ನಲ್ಲಿ ಹುಟ್ಟಿದವನು. ಬೀಗ, ಸುತ್ತಿಗೆ, ಚಿಲಕ, ಬೇರಿಂಗ್ ಮಾಡುವ ಊರು ಅದು. ಎಡಗೈ ಹುಡುಗ. ಆಳು ಎತ್ತರದವನೂ ಅಲ್ಲ, ದೈತ್ಯನೂ ಅಲ್ಲ, ಐದು ಅಡಿ ಹನ್ನೊಂದು ಇಂಚು. ಕಣ್ಣಿಗೆ ದಪ್ಪ ಕನ್ನಡಕ. ಅವನು ಹುಡುಗನಾಗಿದ್ದ ಕಾಲದ ಕತೆಯೇ ಜಾಸ್ತಿ ಇರುವುದರಿಂದ ನಾನು ‘ಅವನು’ ಎಂದೇ ಹೇಳುತ್ತೇನೆ, ಸಲಿಗೆಯಿಂದ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ನಾಲ್ಕು ಮಾತು ಸಾಕು. ಎಸೆಯುವವನು ಪಿಚ್ಚರ್. ಅವನು ನಿಲ್ಲುವ ಮಣ್ಣಿನ ದಿಬ್ಬದಿಂದ ಬ್ಯಾಟರ್ ಮುಂದಿನ ಬಿಳಿ ಹಲಗೆಗೆ 60 ಅಡಿ 6 ಇಂಚು ದೂರ. ಹಲಗೆಯ ಅಗಲ 17 ಇಂಚು. ಆ ಅಗಲದೊಳಗೆ, ಬ್ಯಾಟರ್‌ನ ಮಂಡಿಗೂ ಎದೆಗೂ ನಡುವೆ ಚೆಂಡು ಹೋದರೆ ಅದು ಸ್ಟ್ರೈಕ್. ಆಚೆ ಈಚೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟರೆ ಅದು ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಅದೇ ಸ್ಟ್ರೈಕ್‌ಔಟ್. ನಾಲ್ಕು ಬಾಲ್ ಆದರೆ ಬ್ಯಾಟರ್ ಬ್ಯಾಟ್ ಬಿಸಾಕಿ ಆರಾಮಾಗಿ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಅದಕ್ಕೇ ಅದರ ಹೆಸರು ವಾಕ್. ಪಿಚ್ಚರ್‌ಗೆ ಇದಕ್ಕಿಂತ ಅವಮಾನ ಇಲ್ಲ. ಹೊಡೆಸಿಕೊಂಡರೆ ಎದುರಾಳಿ ಹೊಡೆದ ಎನ್ನಬಹುದು. ವಾಕ್ ಕೊಟ್ಟರೆ ಕೈಯಾರೆ ಕೊಟ್ಟ ಹಾಗೆ.

ಇನ್ನು ಮೈನರ್ ಲೀಗ್. ದೊಡ್ಡ ತಂಡಗಳು ಆಡುವುದು ಮೇಜರ್ ಲೀಗ್‌ನಲ್ಲಿ. ಪ್ರತಿ ದೊಡ್ಡ ತಂಡದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಊರುಗಳ ತಂಡಗಳಿರುತ್ತವೆ. ಸ್ಟೀವ್‌ನ ಕಾಲದಲ್ಲಿ ಈ ಮೆಟ್ಟಿಲುಗಳಿಗೆ ಡಿ, ಸಿ, ಬಿ, ಎ, ಡಬಲ್ ಎ, ಟ್ರಿಪಲ್ ಎ ಎಂದು ಹೆಸರು. ಹುಡುಗರು ಕೆಳಗಿಂದ ಶುರು ಮಾಡಿ ಒಂದೊಂದೇ ಹತ್ತಬೇಕು. ಹತ್ತುವವರು ಕಡಿಮೆ, ಅರ್ಧದಲ್ಲಿ ಮನೆಗೆ ಹೋಗುವವರೇ ಜಾಸ್ತಿ.

ನಾನು ಅಮೆರಿಕದಲ್ಲಿ ಕೆಲಸಕ್ಕಿದ್ದ ಕೆಲವು ವರ್ಷ ಇಂಥ ಸಣ್ಣ ಊರಿನ ಮೈದಾನಗಳಿಗೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಟಿಕೆಟ್ ಅಗ್ಗ, ಸಂಜೆ ತಂಪು. ಒಂದು ಮೈದಾನದಲ್ಲಿ ಬುಲ್‌ಪೆನ್ ನಮ್ಮ ಸೀಟಿನ ಪಕ್ಕದಲ್ಲೇ ಇತ್ತು. ಬುಲ್‌ಪೆನ್ ಅಂದರೆ ಆಟದ ನಡುವೆ ಇಳಿಯುವ ಪಿಚ್ಚರ್‌ಗಳು ಕಾಯುವ ಜಾಗ. ಆಟ ಶುರು ಮಾಡುವವನು ಸ್ಟಾರ್ಟರ್. ಅವನು ದಣಿದಾಗಲೋ, ಆಟ ಕೈ ತಪ್ಪುತ್ತಿದೆ ಎನ್ನಿಸಿದಾಗಲೋ ಬರುವವನು ರಿಲೀವರ್. ಅವತ್ತು ಒಬ್ಬ ಹುಡುಗ ಆರು ಇನ್ನಿಂಗ್ಸ್ ಪೂರ್ತಿ ಮಡಚುವ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಫೋನ್ ಬಂತು. ಎದ್ದ. ಜಾಕೆಟ್ ತೆಗೆದ. ಮೊದಲ ನಾಲ್ಕೈದು ಚೆಂಡು ಸುಮ್ನೆ ಆಟಕ್ಕೆಂಬಂತೆ ಎಸೆದ. ಆಮೇಲೆ ಒಂದು ಬಿಟ್ಟ ನೋಡಿ! ಕ್ಯಾಚರ್‌ನ ಗ್ಲೌಸ್‌ಗೆ ಬಿದ್ದ ಸದ್ದಿಗೆ ನನ್ನ ಮಗ ಕೈಯಲ್ಲಿದ್ದ ಪಾಪ್‌ಕಾರ್ನ್ ಚೆಲ್ಲಿಕೊಂಡ. ಒಣ ತೆಂಗಿನ ಗರಿ ಮುರಿದ ಹಾಗೆ ಸದ್ದು. ಚೆಂಡು ಹೋಗಿದ್ದು ನನಗೆ ಕಾಣಲೇ ಇಲ್ಲ. ಸೀಳಿದ ಗಾಳಿಯ ‘ಸ್ಸ್’ ಎಂಬ ಸದ್ದು ಮಾತ್ರ ಕೇಳಿಸಿತು.

ಅವತ್ತಿನಿಂದ ನನಗೆ ಈ ರಿಲೀವರ್‌ಗಳ ಹುಚ್ಚು ಹಿಡಿಯಿತು. ಓದುತ್ತಾ ಓದುತ್ತಾ ಸ್ಟೀವ್ ಸಿಕ್ಕಿದ.

ಬಾಲ್ಟಿಮೋರ್ ಓರಿಯೋಲ್ಸ್ ತಂಡ ಅವನನ್ನು 1957ರಲ್ಲಿ, ಹೈಸ್ಕೂಲ್ ಮುಗಿದ ಕೂಡಲೇ, 4,000 ಡಾಲರ್ ಬೋನಸ್ ಕೊಟ್ಟು ಸೇರಿಸಿಕೊಂಡಿತು. 4,000ಕ್ಕೇ ಯಾಕೆ ನಿಂತರು ಅಂದರೆ ಆಗ ಒಂದು ನಿಯಮವಿತ್ತು. ಅದಕ್ಕಿಂತ ಜಾಸ್ತಿ ಕೊಟ್ಟರೆ ಹುಡುಗನನ್ನು ಎರಡು ವರ್ಷ ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕಿತ್ತು. ಹಾಗಾಗಿ ಅವನು ನೇರ ಕೆಳಗಿನ ಮೆಟ್ಟಿಲಿಗೆ ಹೋದ. ಟೆನ್ನೆಸ್ಸೀ ರಾಜ್ಯದ ಕಿಂಗ್ಸ್‌ಪೋರ್ಟ್, ಡಿ ದರ್ಜೆ.

ಅಲ್ಲಿ ಮೊದಲ ವರ್ಷದ ಅಂಕಿಗಳನ್ನು ನಿಧಾನವಾಗಿ ಹೇಳುತ್ತೇನೆ. 62 ಇನ್ನಿಂಗ್ಸ್ ಎಸೆದ. 121 ಸ್ಟ್ರೈಕ್‌ಔಟ್. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಅಂದರೆ ಒಟ್ಟು 186 ಔಟ್. ಅದರಲ್ಲಿ ಮೂರನೇ ಎರಡು ಭಾಗ ಬ್ಯಾಟರ್ ಚೆಂಡು ಮುಟ್ಟಲೂ ಆಗದೆ ವಾಪಸ್ ಹೋದದ್ದು. ಕೇಳಿದರೆ ಮೈ ಜುಂ ಎನ್ನುತ್ತದೆ. ಈಗ ಇನ್ನೊಂದು ಕಡೆ ನೋಡಿ. 129 ವಾಕ್. ಕ್ಯಾಚರ್ ಕೈಗೂ ಸಿಗದೆ ಹಿಂದಿನ ಬೇಲಿಗೆ ಹೋದ ಚೆಂಡುಗಳು 39. ಒಂದೇ ಒಂದು ಪಂದ್ಯ ಗೆದ್ದ, ಎಂಟು ಸೋತ. ಆಗಸ್ಟ್ 31ರ ಒಂದು ಪಂದ್ಯದಲ್ಲಿ 24 ಜನರನ್ನು ಸ್ಟ್ರೈಕ್‌ಔಟ್ ಮಾಡಿ, 18 ಜನರಿಗೆ ವಾಕ್ ಕೊಟ್ಟು, 8–4ರಲ್ಲಿ ಸೋತ. 24 ಸ್ಟ್ರೈಕ್‌ಔಟ್ ಮಾಡಿ ಸೋಲುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಈ ಪಂದ್ಯ ತೋರಿಸುತ್ತೇನೆ. ಮೂರು ವರ್ಷ ಆದ ಮೇಲೆ, 1960ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ 170 ಇನ್ನಿಂಗ್ಸ್‌ಗೆ 262 ಸ್ಟ್ರೈಕ್‌ಔಟ್, 262 ವಾಕ್. ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಸಮ.

ಅವನ ಚೆಂಡಿನ ಬಗ್ಗೆ ನೂರಾರು ಕತೆಗಳಿವೆ. ಹಲಗೆ ಬೇಲಿ ತೂತು ಮಾಡಿದ, ಅಂಪೈರ್‌ನ ಮುಖವಾಡ ಒಡೆದ, ಹೀಗೆ. ಕೇಳಿದವರು ನಗುತ್ತಾರೆ. ಆ ನಗು ನನಗೆ ಹಿಡಿಸುವುದಿಲ್ಲ. ಒಂದು ಚೆಂಡು ಬ್ಯಾಟರ್ ಒಬ್ಬನ ತಲೆಗೆ ಬಡಿದು ಅವನು ಆಸ್ಪತ್ರೆ ಸೇರಿದ್ದ. ಆಗ ಸ್ಟೀವ್‌ಗೆ 18 ವರ್ಷ. ತನ್ನ ಕೈಯಿಂದ ಬಿಟ್ಟ ಚೆಂಡು ಎಲ್ಲಿ ಹೋಗುತ್ತದೋ ತನಗೇ ಗೊತ್ತಿಲ್ಲ, ಎದುರಿಗೆ ನಿಂತವನಿಗೆ ಪ್ರಾಣಭಯ. ಇದರಲ್ಲಿ ನಗುವಂಥದ್ದು ಏನಿದೆ?

ವೇಗ ಎಷ್ಟಿತ್ತು? ಇದು ಅವತ್ತು ಮುಂದಿನ ಸಾಲಿನಿಂದ ಬಂದ ಪ್ರಶ್ನೆ. ಆಗ ಈಗಿನ ಹಾಗೆ ಪ್ರತಿ ಮೈದಾನದಲ್ಲಿ ರಾಡಾರ್ ಇರಲಿಲ್ಲ. 1958ರಲ್ಲಿ ತಂಡದವರು ಅವನನ್ನು ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿರುವ ಸೇನೆಯ ಶಸ್ತ್ರ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಗುಂಡು, ಫಿರಂಗಿಗಳ ವೇಗ ಅಳೆಯುವ ಜಾಗ. ಹಿಂದಿನ ದಿನವಷ್ಟೇ ಅವನು ಪಂದ್ಯ ಆಡಿದ್ದ, ಕೈ ದಣಿದಿತ್ತು. ಎತ್ತರದ ದಿಬ್ಬ ಇರಲಿಲ್ಲ, ಸಮತಟ್ಟು ನೆಲ. ಯಂತ್ರ ಅಳೆಯಬೇಕಾದರೆ ಚೆಂಡು ಒಂದು ಸಣ್ಣ ಗುರಿಯ ಮೂಲಕವೇ ಹಾದು ಹೋಗಬೇಕು. ಯಾರಿಗೆ ಹೇಳುತ್ತಿದ್ದೇವೆ ನೋಡಿ! ನಲವತ್ತು ನಿಮಿಷ ಎಸೆದ ಮೇಲೆ ಒಂದು ಚೆಂಡು ಸರಿಯಾಗಿ ಹಾದು ಹೋಯಿತು. ಗಂಟೆಗೆ 93.5 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್ ಎಂದು ಯಂತ್ರ ತೋರಿಸಿತು. ಈಗ ಚೆಂಡು ಕೈಬಿಟ್ಟ ಕೂಡಲೇ ಅಳೆಯುತ್ತಾರೆ. ಅಲ್ಲಿ ಅಳೆದದ್ದು ಚೆಂಡು ಹಲಗೆಯ ಹತ್ತಿರ ಬಂದ ಮೇಲೆ. ಅಷ್ಟರಲ್ಲಿ ಗಾಳಿ ಎಂಟೊಂಬತ್ತು ಮೈಲಿ ತಿಂದಿರುತ್ತದೆ. ಅದನ್ನು ಸೇರಿಸಿದರೆ, ದಣಿದ ಕೈಯಲ್ಲಿ, ದಿಬ್ಬ ಇಲ್ಲದೆ, ಹೆದರಿ ಹೆದರಿ ಗುರಿ ಇಟ್ಟು ಎಸೆದದ್ದೇ 100 ಮೈಲಿ ದಾಟುತ್ತದೆ. ಅವನ ಚೆಂಡು ಹಿಡಿದ ಕ್ಯಾಚರ್‌ಗಳು, ಎದುರಿಸಿದ ಬ್ಯಾಟರ್‌ಗಳು ಜೀವನಪೂರ್ತಿ ಹೇಳಿದ್ದು ಒಂದೇ ಮಾತು: ಇವನಷ್ಟು ವೇಗ ಇನ್ನೊಬ್ಬನದ್ದು ನೋಡಿಲ್ಲ.

ಇಂಥ ಹುಡುಗ ಸಿಕ್ಕರೆ ಕೋಚ್‌ಗಳು ಸುಮ್ಮನಿರುತ್ತಾರೆಯೇ? ಒಬ್ಬರು ಮರದ ಚೌಕಟ್ಟು ನಿಲ್ಲಿಸಿ ಅದರೊಳಗೆ ಎಸಿ ಎಂದರು. ಹಲಗೆಯ ಎರಡೂ ಬದಿ ಒಬ್ಬೊಬ್ಬ ಬ್ಯಾಟರ್ ನಿಲ್ಲಿಸಿ ನಡುವೆ ಎಸಿ ಎಂದರು. ಕಾಲು ಹೀಗಿಡು, ಭುಜ ಹಾಗೆ ತಿರುಗಿಸು, ಹೊಸ ಹಿಡಿತ ಕಲಿ. ಐದು ವರ್ಷ ಪ್ರತಿಯೊಬ್ಬರೂ ಅವನ ತಲೆಗೆ ಒಂದೊಂದು ಪಾಠ ತುಂಬಿದರು. ವಾಕ್ ಕಡಿಮೆಯಾಗಲಿಲ್ಲ.

1962ರಲ್ಲಿ ಅವನು ನ್ಯೂಯಾರ್ಕ್ ರಾಜ್ಯದ ಎಲ್ಮೈರಾಕ್ಕೆ ಬಂದ. ಎ ದರ್ಜೆ. ಅಲ್ಲಿ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಅರ್ಲ್ ವೀವರ್. ಆಗ ಅವರಿಗೆ ಮೂವತ್ತೊಂದು ವರ್ಷ. ಸ್ವತಃ ಮೈನರ್ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿ, ಮೇಜರ್ ಲೀಗ್‌ನ ಒಂದು ಪಂದ್ಯವನ್ನೂ ಆಡದೆ ಉಳಿದವರು. ಬಾಗಿಲ ಹೊರಗೆ ನಿಲ್ಲುವುದು ಅಂದರೇನು ಅಂತ ಅವರಿಗೆ ಗೊತ್ತಿತ್ತು. ವೀವರ್ ತಂಡದ ಹುಡುಗರಿಗೆಲ್ಲ ಒಂದು ಬುದ್ಧಿಪರೀಕ್ಷೆ ಕೊಡಿಸಿದರು. ಸ್ಟೀವ್‌ಗೆ ಬಹಳ ಕಡಿಮೆ ಅಂಕ ಬಂತು. ಇಂಥ ಪರೀಕ್ಷೆ ಒಬ್ಬ ಮನುಷ್ಯನನ್ನು ಅಳೆಯುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ವೀವರ್ ಅದನ್ನು ಹುಡುಗನನ್ನು ದೂರ ಇಡಲು ಬಳಸಲಿಲ್ಲ. ತಪ್ಪು ಹುಡುಗನದ್ದಲ್ಲ, ನಾವು ಹೇಳಿಕೊಡುತ್ತಿರುವ ರೀತಿಯದ್ದು ಎಂದು ಅರ್ಥ ಮಾಡಿಕೊಂಡರು. ಈ ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ವೀವರ್ ಹೊಸದೇನೂ ಕಲಿಸಲಿಲ್ಲ. ಕಲಿಸಿದ್ದನ್ನೆಲ್ಲ ತೆಗೆದು ಹಾಕಿದರು. ಎರಡೇ ಥರದ ಚೆಂಡು ಇಟ್ಟುಕೋ, ವೇಗದ್ದು ಮತ್ತು ಕೊನೆಗೆ ಪಕ್ಕಕ್ಕೆ ಜಾರುವ ಸ್ಲೈಡರ್. ಮೂಲೆ ಹುಡುಕಬೇಡ, ಹಲಗೆಯ ನಟ್ಟನಡುವೆ ಎಸಿ. ಸ್ವಲ್ಪ ನಿಧಾನವಾದರೂ ಪರವಾಗಿಲ್ಲ. ಎರಡು ಸ್ಟ್ರೈಕ್ ಬಿದ್ದ ಮೇಲೆ ನಾನು ಶಿಳ್ಳೆ ಹೊಡೆಯುತ್ತೇನೆ. ಶಿಳ್ಳೆ ಕೇಳಿಸಿದಾಗ ನಿನ್ನ ಮೈಯಲ್ಲಿ ಎಷ್ಟು ಶಕ್ತಿ ಇದೆಯೋ ಅಷ್ಟೂ ಹಾಕಿ ಬಿಡು.

ಎಲ್ಮೈರಾದ ಡನ್ ಫೀಲ್ಡ್ ಮೈದಾನವನ್ನು ನಾನೊಮ್ಮೆ ನೋಡಿದ್ದೇನೆ. 1939ರಲ್ಲಿ, ಸ್ಟೀವ್ ಹುಟ್ಟಿದ ವರ್ಷವೇ ಕಟ್ಟಿದ್ದು. ಅವತ್ತು ಪಂದ್ಯ ಇರಲಿಲ್ಲ. ಖಾಲಿ ಮೈದಾನದ ಬೇಲಿ ಹಿಡಿದು ನಿಂತು, ಈ ಬದಿಯ ಬೆಂಚಿನಿಂದ ಹೊಡೆದ ಶಿಳ್ಳೆ ದಿಬ್ಬದವರೆಗೆ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿದೆ. ಆ ಶಿಳ್ಳೆಗೆ ಮುಂಚೆ ಅವನ ತಲೆ ಮೊದಲ ಸಲ ಖಾಲಿ ಇತ್ತು. ಮುಂದಿನದ್ದನ್ನು ಯೋಚಿಸುವ ಕೆಲಸ ಇನ್ನೊಬ್ಬರು ವಹಿಸಿಕೊಂಡಿದ್ದರು.

ಆ ವರ್ಷ 160 ಇನ್ನಿಂಗ್ಸ್‌ಗೆ 192 ಸ್ಟ್ರೈಕ್‌ಔಟ್, 114 ವಾಕ್. ವಾಕ್ ಇನ್ನೂ ಜಾಸ್ತಿಯೇ. ಆದರೆ ಮೊದಲ ವರ್ಷ ಇನ್ನಿಂಗ್ಸ್‌ಗೆ ಎರಡು ಕೊಡುತ್ತಿದ್ದವನು ಈಗ ಒಂದಕ್ಕಿಂತ ಕಡಿಮೆಗೆ ಬಂದಿದ್ದ. ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ 3.04. ಕಿಂಗ್ಸ್‌ಪೋರ್ಟ್‌ನಲ್ಲಿ ಅದು ಎಂಟು ದಾಟಿತ್ತು.

1963ರ ವಸಂತ. ಫ್ಲೋರಿಡಾದಲ್ಲಿ ಓರಿಯೋಲ್ಸ್‌ನ ಅಭ್ಯಾಸ ಶಿಬಿರ. ಸ್ಟೀವ್‌ನನ್ನು ರಿಲೀವರ್ ಆಗಿ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದರು. ಸರಿಯಾದ ತೀರ್ಮಾನ ಅಂತ ನನಗನ್ನಿಸುತ್ತದೆ. ಸ್ಟಾರ್ಟರ್ ಒಂದೇ ಬ್ಯಾಟರ್‌ನನ್ನು ಮೂರು ನಾಲ್ಕು ಸಲ ಎದುರಿಸಬೇಕು, ಪ್ರತಿ ಸಲ ಹೊಸ ಉಪಾಯ ಬೇಕು. ರಿಲೀವರ್‌ಗೆ ಎರಡು ಥರದ ಚೆಂಡು ಸಾಕು. ಒಂದೋ ಎರಡೋ ಇನ್ನಿಂಗ್ಸ್. ಉಳಿಸಿಟ್ಟುಕೊಳ್ಳುವ ಗೋಜಿಲ್ಲ. ಬಂದ, ಇದ್ದದ್ದೆಲ್ಲ ಎಸೆದ, ಹೋದ. ಸ್ಟೀವ್‌ನ ಅಳತೆ ತೆಗೆದುಕೊಂಡು ಹೊಲಿದಂಥ ಕೆಲಸ ಅದು. ಆ ವರ್ಷ ಓರಿಯೋಲ್ಸ್‌ನ ಮುಖ್ಯ ರಿಲೀವರ್ ಆಗಿದ್ದವರು ಸ್ಟು ಮಿಲ್ಲರ್, ನಿಧಾನದ ಚೆಂಡಿಗೆ ಹೆಸರಾದವರು. ಚೆಂಡು ಬರುವ ಮೊದಲೇ ಬ್ಯಾಟರ್ ಬೀಸಿ ಮುಗಿಸುತ್ತಿದ್ದ. ಕೊನೆಯಲ್ಲಿ ಇಳಿದು ತಂಡದ ಮುನ್ನಡೆ ಕಾಯ್ದು 27 ಪಂದ್ಯ ಉಳಿಸಿಕೊಟ್ಟು, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲೇ ಮೊದಲಿಗರಾದರು. ಮಿಲ್ಲರ್‌ನ ನಿಧಾನ, ಅದರ ಹಿಂದೆಯೇ ಸ್ಟೀವ್‌ನ ವೇಗ. ಒಂದೇ ಬುಲ್‌ಪೆನ್‌ನಲ್ಲಿ ಈ ಇಬ್ಬರು ಅಕ್ಕಪಕ್ಕ ಕೂತಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಮಾರ್ಚ್‌ನಲ್ಲಿ ಅವನಿಗೆ ದೊಡ್ಡ ತಂಡದ ಸಮವಸ್ತ್ರದ ಅಳತೆ ತೆಗೆದುಕೊಂಡರು. ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ರಿಲೀವರ್ ಆಗಿ ಇಳಿದ. ಎಸೆಯುತ್ತಿದ್ದಾಗ ಎಡ ಮೊಣಕೈಯಲ್ಲಿ ಏನೋ ಪಟ್ ಎಂದಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದಕ್ಕಿಂತ ಸರಿಯಾದ ಮಾತು ನನಗೆ ಸಿಗುವುದಿಲ್ಲ. ಆರು ವರ್ಷ ಹತ್ತಿದ ಮೆಟ್ಟಿಲು. ಕೊನೆಯದೊಂದು ಬಾಕಿ ಇತ್ತು. ಸ್ನಾಯು ಸೆಳೆತ ಎಂದರು, ವಿಶ್ರಾಂತಿ ಕೊಟ್ಟರು. ಕೆಲವು ತಿಂಗಳ ನಂತರ ಮತ್ತೆ ಎಸೆದ. ಆ ವೇಗ ಮತ್ತೆ ಬರಲೇ ಇಲ್ಲ. ಆಟಗಾರರ ಚಿತ್ರದ ಕಾರ್ಡ್ ಮಾರುವ ಟಾಪ್ಸ್ ಕಂಪನಿ ಆ ವರ್ಷ ‘ರೂಕಿ ಸ್ಟಾರ್ಸ್’ ಎಂದು ನಾಲ್ವರು ಹೊಸಬರ ಮುಖ ಹಾಕಿ ಒಂದು ಕಾರ್ಡ್ ಅಚ್ಚು ಮಾಡಿತ್ತು. ಅದರಲ್ಲಿ ಸ್ಟೀವ್‌ನ ಮುಖವೂ ಇದೆ. ಮೇಜರ್ ಲೀಗ್‌ನಲ್ಲಿ ಒಂದು ಚೆಂಡೂ ಎಸೆಯದವನ ಕಾರ್ಡ್.

ಆಗ ಆಪರೇಶನ್ ಮಾಡಿಸಬಹುದಿತ್ತಲ್ವಾ ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಕೇಳಿದಳು. ಎಸೆಯುವವರ ಮೊಣಕೈಗೆ ಜೀವ ಕೊಟ್ಟ ಆಪರೇಶನ್ ಬಂದದ್ದು 1974ರ ಸೆಪ್ಟೆಂಬರ್‌ನಲ್ಲಮ್ಮ. ಟಾಮಿ ಜಾನ್ ಎಂಬ ಎಡಗೈ ಪಿಚ್ಚರ್‌ಗೆ ಡಾ. ಫ್ರಾಂಕ್ ಜೋಬ್ ಮಾಡಿದರು. ಮೊಣಕೈಯಲ್ಲಿ ಮೂಳೆಗೆ ಮೂಳೆ ಬಿಗಿದು ಹಿಡಿಯುವ ಪಟ್ಟಿಯೊಂದಿರುತ್ತದೆ. ಅದು ಹರಿದಿತ್ತು. ಬಲಗೈಯಿಂದ ಒಂದು ನರದಂಥ ಎಳೆ ತೆಗೆದು ಎಡ ಮೊಣಕೈಗೆ ಕಟ್ಟಿದರು. ಜಾನ್ 1976ರಲ್ಲಿ ಆಟಕ್ಕೆ ಮರಳಿ, ಆಮೇಲೆ 164 ಪಂದ್ಯ ಗೆದ್ದರು. ಸ್ಟೀವ್‌ನ ಕೈ ಹೋದದ್ದು ಅದಕ್ಕೆ ಹನ್ನೊಂದು ವರ್ಷ ಮುಂಚೆ. 2023ರಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್‌ಗೆ ಡಬಲ್ ಎ ಮೆಟ್ಟಿಲಿನಿಂದ ನೇರ ಹಾರಿ ಬಂದ ರಿಲೀವರ್ ಬೆನ್ ಜಾಯ್ಸ್ ಕೂಡ ಕಾಲೇಜು ದಿನಗಳಲ್ಲಿ ಇದೇ ಆಪರೇಶನ್ ಮಾಡಿಸಿಕೊಂಡವನು. ಮರುವರ್ಷ 105.5 ಮೈಲಿ, ಅಂದರೆ ಸುಮಾರು 170 ಕಿಲೋಮೀಟರ್ ವೇಗದ ಚೆಂಡು ಎಸೆದ.

ಕ್ಯೂಬಾದ ಅರೋಲ್ಡಿಸ್ ಚಾಪ್ಮನ್ ಕತೆಯೂ ಇಲ್ಲೇ ನೆನಪಾಗುತ್ತದೆ. ಅವನೂ ಎಡಗೈ, ಅವನಿಗೂ ವಾಕ್ ಕಾಟ. 2010ರಲ್ಲಿ ಲೂಯಿವಿಲ್‌ನ ಟ್ರಿಪಲ್ ಎ ತಂಡದಲ್ಲಿ ಸ್ಟಾರ್ಟರ್ ಆಗಿ ಶುರು ಮಾಡಿದವನನ್ನು ನಡುವೆ ಬುಲ್‌ಪೆನ್‌ಗೆ ಕಳಿಸಿದರು. ಆಗಸ್ಟ್ 31ಕ್ಕೆ ಸಿನ್ಸಿನಾಟಿ ರೆಡ್ಸ್‌ಗೆ ಆಡಿದ. ಮುಂದಿನ ತಿಂಗಳೇ ಆಟದ ಚರಿತ್ರೆಯಲ್ಲಿ ಅಳೆದ ಅತಿ ವೇಗದ ಚೆಂಡು ಎಸೆದ. ಚಾಪ್ಮನ್‌ಗೆ ಕೊಟ್ಟ ಒಪ್ಪಂದ 30 ದಶಲಕ್ಷ ಡಾಲರ್ ಮೀರಿತ್ತು. ಸ್ಟೀವ್‌ಗೆ ತೋರಿಸಿದ ಬಾಗಿಲೇ ಅದು. ನಲವತ್ತೇಳು ವರ್ಷ ಆದ ಮೇಲೆ ಇನ್ನೊಬ್ಬ ಒಳಗೆ ಹೋದ.

ಸ್ಟೀವ್ 1965ರವರೆಗೆ ಊರೂರು ಆಡಿದ. ಆಮೇಲೆ ಮುಗಿಯಿತು. ಕುಡಿತ ಎಳೆವಯಸ್ಸಿನಿಂದಲೂ ಇತ್ತು, ಈಗ ಅದೊಂದೇ ಉಳಿಯಿತು. ಕ್ಯಾಲಿಫೋರ್ನಿಯಾದ ಹೊಲ ತೋಟಗಳಲ್ಲಿ ಹಣ್ಣು, ತರಕಾರಿ ಬಿಡಿಸುವ ಕೂಲಿ ಮಾಡಿದ. ಅವನು ಆಟ ಬಿಟ್ಟ ಮರುವರ್ಷ, 1966ರಲ್ಲಿ, ಓರಿಯೋಲ್ಸ್ ಮೇಜರ್ ಲೀಗ್‌ನ ಪಟ್ಟ ತೀರ್ಮಾನಿಸುವ ವಿಶ್ವ ಸರಣಿ ಗೆದ್ದಿತು. ಅದರ ಮೊದಲ ಪಂದ್ಯದಲ್ಲಿ ಮೋ ಡ್ರಾಬೋವ್‌ಸ್ಕಿ ಎಂಬ ರಿಲೀವರ್ ಇಳಿದು 11 ಸ್ಟ್ರೈಕ್‌ಔಟ್ ಮಾಡಿದ. ಆ ತಂಡದ ಕ್ಯಾಚರ್ ಆಂಡಿ ಎಚೆಬಾರೆನ್, ಎಲ್ಮೈರಾದಲ್ಲಿ ಸ್ಟೀವ್‌ನ ಚೆಂಡು ಹಿಡಿದವನೇ. ಶಿಳ್ಳೆಯ ವೀವರ್ 1968ರಲ್ಲಿ ಓರಿಯೋಲ್ಸ್‌ನ ಮ್ಯಾನೇಜರ್ ಆದರು, 1970ರಲ್ಲಿ ವಿಶ್ವ ಸರಣಿ ಗೆದ್ದರು. ಎಲ್ಲರೂ ಮೇಲೆ ಹೋದರು. ಇದನ್ನು ಓದುವಾಗ ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ, ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ ಅಷ್ಟೇ.

ಕೊನೆಗೆ ಅವನನ್ನು ಊರಿಗೆ ವಾಪಸ್ ಕರೆತಂದದ್ದು ಅವನ ತಂಗಿ. ಕುಡಿತದಿಂದ ನೆನಪು ಹಾಳಾಗಿತ್ತು. 1960ರ ದಶಕದ ನಡುವಿನಿಂದಾಚೆಗಿನ ಬದುಕು ಬಹುಪಾಲು ಅಳಿಸಿ ಹೋಗಿತ್ತು. ನ್ಯೂ ಬ್ರಿಟನ್‌ನ ಒಂದು ಆರೈಕೆ ಮನೆಯಲ್ಲಿ ಸೇರಿಸಿದರು. ಹೆಚ್ಚು ದಿನ ಇರಲಿಕ್ಕಿಲ್ಲ ಎಂದುಕೊಂಡಿದ್ದರು. ಅಲ್ಲಿ ಅವನು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬದುಕಿದ. 2020ರ ಏಪ್ರಿಲ್‌ನಲ್ಲಿ, 80ನೇ ವಯಸ್ಸಿನಲ್ಲಿ, ಕೋವಿಡ್ ಬಂದು ತೀರಿಕೊಂಡ.

ಅದಕ್ಕೆ ಮುಂಚೆ, 2003ರ ಸೆಪ್ಟೆಂಬರ್‌ನಲ್ಲಿ, ಓರಿಯೋಲ್ಸ್‌ನವರು ಅವನನ್ನು ಬಾಲ್ಟಿಮೋರ್‌ಗೆ ಕರೆಸಿದರು. ಪಂದ್ಯದ ಮುಂಚೆ ಗೌರವಕ್ಕಾಗಿ ಮೊದಲ ಚೆಂಡು ಎಸೆಯುವುದು ಅಲ್ಲಿನ ಪದ್ಧತಿ. ಆಗ ಅವನಿಗೆ 64 ವರ್ಷ. ಸಮವಸ್ತ್ರದ ಅಳತೆ ತೆಗೆದುಕೊಂಡು ನಲವತ್ತು ವರ್ಷವಾಗಿತ್ತು. ಮೈದಾನಕ್ಕೆ ಇಳಿದ, ಈಗ ನಿಮ್ಮ ಕೈಯಲ್ಲಿ ತಿರುಗುತ್ತಿದೆಯಲ್ಲ, ಅಂಥದ್ದೇ ಒಂದು ಚೆಂಡನ್ನು ಅದೇ ಎಡಗೈಯಲ್ಲಿ ಹಿಡಿದ, ಎಸೆದ.